ಮಗುವಿನ ಮೊದಲ ರಿಮೋಟ್ ಕಾರು: ಅಪ್‌ಗ್ರೇಡ್ ಮತ್ತು ಮೈಂಟೆನೆನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಬೇಲೂರು, ಸಕಲೇಶಪುರ ಕಡೆ ಮಕ್ಕಳ ರಿಮೋಟ್ ಕಾರಿನ ಬಗ್ಗೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಹುಟ್ಟುಹಬ್ಬಕ್ಕೆ ಕಾರು ಬಂತು. ಕೆಲವು ದಿನ ಚೆನ್ನಾಗಿ ಓಡಿತು. ಆಮೇಲೆ ಒಂದೋ ಚಕ್ರ ಕಿತ್ತು ಬಂತು, ಇಲ್ಲವೇ ಮಗು ‘ಇನ್ನೂ ಸ್ಪೀಡ್ ಬೇಕು’ ಎಂದು ಹಟ ಹಿಡಿಯಿತು. ನಮ್ಮ ಕಡೆಯ ಮಕ್ಕಳಿಗೆ ಈ ಹುಚ್ಚು ಜಾಸ್ತಿ ಇರುವುದು ಸಹಜವೇ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ದೇಶದ ರ್‍ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆದಿವೆ, ಏಷ್ಯಾ ಪೆಸಿಫಿಕ್ ರ್‍ಯಾಲಿಯೂ ಬಂದು ಹೋಗಿದೆ. ಏಷ್ಯಾ ಪೆಸಿಫಿಕ್ ಸರಣಿಯನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ ಇಲ್ಲಿನ ತಿರುವುಗಳಲ್ಲೂ ಕಾರು ಓಡಿಸಿದವರು. ಅಂಥ ಕಾರುಗಳು ಕೂಡ ಕೆಲವು ಸ್ಟೇಜ್ ಓಡಿದ ಮೇಲೆ ರಿಪೇರಿಗೆಂದು ಸರ್ವೀಸ್ ಪಾರ್ಕಿಗೆ ಬರುತ್ತವೆ.

ಕೆಳಗಿನ ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ. ಮೊದಲು ಕ್ಲೀನಿಂಗ್, ಆಮೇಲೆ ಬೇರಿಂಗ್, ಸ್ಪೀಡ್ ಕೊನೆಗೆ. ಯಾಕೆಂದರೆ ಕಾರಿನ ಒಂದು ಭಾಗವನ್ನು ಗಟ್ಟಿ ಮಾಡಿದರೆ ಏಟು ಅಲ್ಲಿಗೇ ನಿಲ್ಲುವುದಿಲ್ಲ, ಪಕ್ಕದ ಭಾಗಕ್ಕೆ ಹೋಗುತ್ತದೆ.

ಆಟಿಕೆ ಅಂಗಡಿಯ ಕಾರಿಗೆ ಅಪ್‌ಗ್ರೇಡ್ ಮಾಡಬಹುದಾ?

ಮೊದಲು ಕಾರು ಯಾವ ಜಾತಿಯದು ನೋಡಿ. ಆಟಿಕೆ ಕಾರಿನಲ್ಲಿ ರಿಮೋಟಿನ ಸಿಗ್ನಲ್ ಹಿಡಿಯುವುದು, ಮೋಟರಿಗೆ ಕರೆಂಟ್ ಬಿಡುವುದು, ಸ್ಟಿಯರಿಂಗ್ ತಿರುಗಿಸುವುದು ಎಲ್ಲವೂ ಒಂದೇ ಸಣ್ಣ ಬೋರ್ಡಿನ ಕೆಲಸ. ಬಟನ್ ಒತ್ತಿದರೆ ಪೂರ್ತಿ ವೇಗ, ಬಿಟ್ಟರೆ ಸೊನ್ನೆ. ನಡುವೆ ಏನೂ ಇಲ್ಲ. ಬಿಡಿಭಾಗ ಸಿಗುವುದಿಲ್ಲ.

ಹಾಬಿ ಕಾರು ಬೇರೆ. ರಿಮೋಟಿನ ಟ್ರಿಗರ್ ಎಷ್ಟು ಎಳೆದರೆ ಅಷ್ಟೇ ವೇಗ. ಮೋಟರ್, ಸ್ಟಿಯರಿಂಗ್ ತಿರುಗಿಸುವ ಸರ್ವೋ, ಮೋಟರಿನ ಕರೆಂಟ್ ನೋಡಿಕೊಳ್ಳುವ ಇಎಸ್‌ಸಿ, ಗೇರ್ ಎಲ್ಲವನ್ನೂ ಬಿಚ್ಚಿ ಬದಲಿಸಬಹುದು. ಡಬ್ಲ್ಯೂಎಲ್ ಟಾಯ್ಸ್, ತಮಿಯಾ, ಟ್ರಾಕ್ಸಾಸ್ ಕಂಪನಿಗಳ ಕಾರುಗಳು ಈ ಗುಂಪಿಗೆ ಸೇರುತ್ತವೆ.

ಆಟಿಕೆ ಕಾರಿಗೆ ದೊಡ್ಡ ಬ್ಯಾಟರಿ, ದೊಡ್ಡ ಮೋಟರ್ ಹಾಕಲು ಹೋಗಬೇಡಿ. ಬೋರ್ಡ್ ಸುಟ್ಟು ಹೋಗುತ್ತದೆ. ಅದನ್ನು ಕ್ಲೀನ್ ಆಗಿ ಇಟ್ಟುಕೊಳ್ಳಿ, ಚಕ್ರದ ಹತ್ತಿರ ಒಂದು ಹನಿ ಎಣ್ಣೆ ಬಿಡಿ, ಒಳ್ಳೆಯ ಸೆಲ್ ಹಾಕಿ. ಅಷ್ಟು ಸಾಕು. ದುಡ್ಡು ಉಳಿಸಿ ಮುಂದೆ ಹಾಬಿ ಕಾರು ಕೊಳ್ಳಿ.

ಎಷ್ಟು ವಯಸ್ಸಿಗೆ ಹಾಬಿ ಕಾರು ಕೊಡಬಹುದು?

ಹಾಬಿ ಕಾರಿನ ಡಬ್ಬಿಯ ಮೇಲೆ ಸಾಮಾನ್ಯವಾಗಿ 14 ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1/14 ಅಳತೆಯ ಡಬ್ಲ್ಯೂಎಲ್ ಟಾಯ್ಸ್ 144001 ಗಂಟೆಗೆ 60 ಕಿ.ಮೀ. ಹೋಗುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಅದು ಕಾಲಿಗೆ ಬಡಿದರೆ ದೊಡ್ಡವರೂ ಕೂತುಬಿಡುತ್ತಾರೆ.

ಎಂಟು, ಒಂಬತ್ತು ವರ್ಷದ ಮಗು ದೊಡ್ಡವರು ಪಕ್ಕದಲ್ಲಿದ್ದರೆ ಚೆನ್ನಾಗಿ ಓಡಿಸುತ್ತದೆ. ಆದರೆ ವೇಗ ಕಡಿಮೆ ಮಾಡಿ ಕೊಡಬೇಕು. ಕೆಲವು ರಿಮೋಟಿನಲ್ಲಿ ವೇಗ ಕಟ್ಟಿಹಾಕುವ ಡಯಲ್ ಇರುತ್ತದೆ. ಹಲವು ಟ್ರಾಕ್ಸಾಸ್ ಕಾರುಗಳ ಇಎಸ್‌ಸಿಯಲ್ಲಿ ಟ್ರೈನಿಂಗ್ ಮೋಡ್ ಇದೆ, ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ಕೊಳ್ಳುವಾಗ ಬೇರೇನು ಕೇಳದಿದ್ದರೂ ಈ ಸೌಲಭ್ಯ ಇದೆಯಾ ಎಂದು ಕೇಳಿ.

ಇನ್ನೂ ಚಿಕ್ಕ ಮಗುವಾದರೆ ಆಟಿಕೆ ಕಾರೇ ಸರಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆ ಅಂಗಡಿಯಲ್ಲಿ ಕೊಂಡರೂ ಡಬ್ಬಿ ತಿರುಗಿಸಿ ನೋಡಿ.

ಮೊದಲ ಅಪ್‌ಗ್ರೇಡ್ ಯಾವುದು?

ಬೇರಿಂಗ್. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕಡಿಮೆ ಬೆಲೆಯ ಕಾರುಗಳಲ್ಲಿ, ಹಲವು ತಮಿಯಾ ಕಿಟ್‌ಗಳಲ್ಲೂ, ಚಕ್ರದ ಆಕ್ಸಲ್ ತಿರುಗುವ ಜಾಗದಲ್ಲಿ ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಬಣ್ಣದ ಬುಷ್ ಇರುತ್ತದೆ. ಧೂಳು ಹೊಕ್ಕಂತೆ ಆ ತೂತು ಅಗಲವಾಗುತ್ತದೆ. ಚಕ್ರ ಅಲುಗಾಡುತ್ತದೆ, ಗೇರ್ ಸರಿಯಾಗಿ ಕೂರುವುದಿಲ್ಲ, ಮೋಟರ್ ಬಿಸಿಯಾಗುತ್ತದೆ. ಬಾಲ್ ಬೇರಿಂಗ್ ಹಾಕಿದರೆ ಅದೇ ಮೋಟರ್, ಅದೇ ಬ್ಯಾಟರಿಯಲ್ಲಿ ಕಾರು ಹಗುರವಾಗಿ ಓಡುತ್ತದೆ. ಚಾರ್ಜ್ ಜಾಸ್ತಿ ಹೊತ್ತು ಬರುತ್ತದೆ. ಯಾವ ಭಾಗಕ್ಕೂ ಹೊಸ ಒತ್ತಡ ಬೀಳುವುದಿಲ್ಲ. ಬೇರೆ ಯಾವ ಅಪ್‌ಗ್ರೇಡಿಗೂ ಈ ಗುಣ ಇಲ್ಲ.

ಪಕ್ಕದಲ್ಲಿ ರಬ್ಬರ್ ಸೀಲ್ ಇರುವ ಬೇರಿಂಗ್ ಕೇಳಿ. ತಗಡಿನ ಮುಚ್ಚಳದ್ದಕ್ಕಿಂತ ನಮ್ಮ ಮಣ್ಣಿಗೆ ಅದು ಒಳ್ಳೆಯದು.

ಬೇರಿಂಗ್ ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಸಿಗುತ್ತದಾ?

‘ರಿಮೋಟ್ ಕಾರಿನ ಬೇರಿಂಗ್’ ಎಂದು ಕೇಳಿದರೆ ಇಲ್ಲ ಅನ್ನುತ್ತಾರೆ. ನಂಬರ್ ಹೇಳಿ ಕೇಳಿ. ಹಳೆಯ ಬುಷ್‌ನ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ ಈ ಮೂರನ್ನೂ ವರ್ನಿಯರ್‌ನಲ್ಲಿ ನೋಡಿಕೊಳ್ಳಿ. 5, 10, 4 ಮಿ.ಮೀ. ಇದ್ದರೆ ಅದು ಎಂಆರ್ 105. 5, 11, 4 ಇದ್ದರೆ ಎಂಆರ್ 115. ಪಂಪ್‌ಸೆಟ್ಟಿಗೆ, ಪಲ್ಪರ್ ಮಷೀನಿಗೆ ಬೇರಿಂಗ್ ಮಾರುವ ಅಂಗಡಿಯವರಿಗೆ ಈ ನಂಬರಿನ ಭಾಷೆ ಚೆನ್ನಾಗಿ ಗೊತ್ತು. ಅವರ ಹತ್ತಿರ ಇಲ್ಲದಿದ್ದರೆ ತರಿಸಿಕೊಡಬಹುದು. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡಿನಲ್ಲಿ ಸರ್ವೋ, ಮೋಟರ್, ಬ್ಯಾಟರಿ, ಕನೆಕ್ಟರ್ ಕೂಡ ಸಿಗುತ್ತವೆ. ಕಾರಿನ ಮಾಡೆಲ್ ನಂಬರಿಗೇ ಹೊಂದುವ ಗೇರ್, ಚಕ್ರವನ್ನು ಕಾರಿಗೆ ಹಿಡಿದಿಡುವ ಆರ್ಮ್‌ನಂಥ ಭಾಗಗಳನ್ನು ಮಾತ್ರ ಆನ್‌ಲೈನ್‌ನಲ್ಲಿ ತರಿಸುವುದು ಸುಲಭ.

ಅಂಕಲ್, ನನ್ನ ಕಾರು ನನ್ನ ಫ್ರೆಂಡ್ ಕಾರಿಗಿಂತ ಸ್ಪೀಡ್ ಹೋಗ್ಬೇಕು. ಏನ್ ಮಾಡ್ಲಿ?

ಪುಟ್ಟಾ, ಮೊದಲು ನಿನ್ನ ಕಾರನ್ನು ತಲೆಕೆಳಗು ಮಾಡಿ ಹಿಡಿದುಕೋ. ಸ್ವಿಚ್ ಆಫ್ ಇರಲಿ. ಒಂದೊಂದೇ ಚಕ್ರವನ್ನು ಬೆರಳಲ್ಲಿ ತಿರುಗಿಸು. ಯಾವ ಚಕ್ರ ಬೇಗ ನಿಲ್ಲುತ್ತದೋ ಅಲ್ಲಿ ನಿನ್ನ ಸ್ಪೀಡ್ ಹೋಗುತ್ತಿದೆ. ಅಲ್ಲಿ ಕೂದಲೋ ದಾರವೋ ಸುತ್ತಿಕೊಂಡಿರುತ್ತದೆ, ಇಲ್ಲವೇ ಚಕ್ರದ ನಟ್ ಜಾಸ್ತಿ ಬಿಗಿ ಆಗಿರುತ್ತದೆ. ಅದನ್ನು ಸರಿ ಮಾಡು.

ಎರಡನೆಯದು, ನಾಲ್ಕು ಚಪ್ಪಲಿಗಳನ್ನು ಚೌಕವಾಗಿ ಇಟ್ಟು ಯಾವ ಚಪ್ಪಲಿಗೂ ತಾಗದೆ ಸುತ್ತು ಹಾಕು. ಕಾರು ನಿನ್ನ ಕಡೆಗೇ ಬರುವಾಗ ಎಡ ಬಲ ಅದಲುಬದಲು ಆಗುತ್ತದೆ. ಅಲ್ಲೇ ಎಲ್ಲರೂ ಗೋಡೆಗೆ ಗುದ್ದುವುದು. ನೀನು ಅಲ್ಲಿ ಗುದ್ದದಿದ್ದರೆ ಸಾಕು, ಫ್ರೆಂಡ್ ಕಾರು ಎಷ್ಟೇ ಸ್ಪೀಡ್ ಇದ್ದರೂ ಮೊದಲು ಮುಟ್ಟುವುದು ನೀನೇ.

ಸರಿ, ಅಪ್ಪನಾಗಿ ಕೇಳುತ್ತೇನೆ. ಮೋಟರ್ ಬದಲಿಸಿದರೆ ಏನಾಗುತ್ತದೆ?

ಸರಪಳಿ ಶುರುವಾಗುತ್ತದೆ. ದೊಡ್ಡ ಮೋಟರ್ ಹಾಕಿದರೆ ಅದು ತಿರುಗಿಸುವ ದೊಡ್ಡ ಪ್ಲಾಸ್ಟಿಕ್ ಗೇರಿನ, ಅಂದರೆ ಸ್ಪರ್ ಗೇರಿನ, ಹಲ್ಲು ಉದುರುತ್ತದೆ. ಕಬ್ಬಿಣದ ಗೇರ್ ಹಾಕಿದರೆ ಡ್ರೈವ್ ಶಾಫ್ಟ್ ತಿರುಚಿಕೊಳ್ಳುತ್ತದೆ. ಶಾಫ್ಟನ್ನೂ ಬದಲಿಸಿದರೆ ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಹೋಗುತ್ತದೆ. ಇದರ ನಡುವೆ ಇಎಸ್‌ಸಿ ಬಿಸಿಯಾಗಿ ಕಟ್ ಆಗುತ್ತದೆ.

ಬ್ರಷ್ ಇರುವ ಮೋಟರುಗಳಲ್ಲಿ ‘ಟರ್ನ್’ ಎಂಬ ಲೆಕ್ಕ ಇದೆ. ಒಳಗಿನ ತಂತಿ ಎಷ್ಟು ಸುತ್ತು ಎಂದು ಅದರ ಅರ್ಥ. ಸುತ್ತು ಕಡಿಮೆ ಆದಷ್ಟೂ ವೇಗ ಜಾಸ್ತಿ, ಎಳೆಯುವ ಕರೆಂಟೂ ಜಾಸ್ತಿ. ಪ್ರತಿ ಇಎಸ್‌ಸಿಗೂ ಇಂತಿಷ್ಟು ಟರ್ನ್‌ಗಿಂತ ಕಡಿಮೆ ಬೇಡ ಎಂಬ ಮಿತಿ ಇರುತ್ತದೆ. ತುಂಬ ಜನ ಬಳಸುವ ಹಾಬಿವಿಂಗ್ 1060 ತೆಗೆದುಕೊಳ್ಳಿ. 540 ಅಳತೆಯ ಮೋಟರಾದರೆ 2ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ) ಜೊತೆ 12 ಟರ್ನ್ ಅಥವಾ ಅದಕ್ಕಿಂತ ಹೆಚ್ಚು, 3ಎಸ್ ಜೊತೆ 18 ಟರ್ನ್ ಅಥವಾ ಹೆಚ್ಚು ಇರಬೇಕು. ಈ ಸಾಲನ್ನು ಓದದೆ ಮೋಟರ್ ಕೊಳ್ಳಬೇಡಿ.

ವೇಗ ಎರಡು ಪಟ್ಟಾದರೆ ಗುದ್ದುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿ.ಮೀ.ನಲ್ಲಿ ಕಂಬಕ್ಕೆ ಬಡಿದು ಹಿಂದೆ ಸರಿದು ಮತ್ತೆ ಓಡುವ ಕಾರು, 40ರಲ್ಲಿ ಬಡಿದರೆ ಮುಂದಿನ ಆರ್ಮ್ ಮುರಿದುಕೊಂಡು ನಿಲ್ಲುತ್ತದೆ. ಮಗು ಈಗಿನ ವೇಗದಲ್ಲಿ ಒಂದು ಪೂರ್ತಿ ಚಾರ್ಜ್ ಎಲ್ಲೂ ಗುದ್ದದೆ ಓಡಿಸುವವರೆಗೆ ಮೋಟರಿನ ಮಾತು ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೆಟಲ್ ಪಾರ್ಟ್ಸ್ ಹಾಕಿಸಿದರೆ ಮುರಿಯುವುದಿಲ್ಲ ಅಲ್ವಾ?

ಎಲ್ಲ ಕಡೆ ಅಲ್ಲ. ಪ್ಲಾಸ್ಟಿಕ್ ಆರ್ಮ್ ಏಟು ಬಿದ್ದಾಗ ಬಾಗಿ ಮತ್ತೆ ಹಿಂದಕ್ಕೆ ಬರುತ್ತದೆ. ಅಲ್ಯೂಮಿನಿಯಂ ಆರ್ಮ್ ಬಾಗಿದರೆ ಬಾಗಿದ ಹಾಗೇ ಉಳಿಯುತ್ತದೆ. ಬಾಗದಿದ್ದರೆ ಏಟನ್ನು ನೇರ ಕಾರಿನ ಚೌಕಟ್ಟಾದ ಚಾಸಿಗೆ ದಾಟಿಸುತ್ತದೆ. ಆರ್ಮ್, ಬಂಪರ್ ಪ್ಲಾಸ್ಟಿಕ್ಕಿನವೇ ಇರಲಿ, ಎರಡು ಸ್ಪೇರ್ ಇಟ್ಟುಕೊಳ್ಳಿ. ಮೋಟರ್ ಕೂರಿಸುವ ಮೌಂಟ್ ಮಾತ್ರ ಮೆಟಲ್ ಆದರೆ ನಿಜಕ್ಕೂ ಲಾಭ ಇದೆ. ಅದು ಮೋಟರಿನ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಚಕ್ರ ಕೂರುವ ಆರು ಮೂಲೆಯ ಹೆಕ್ಸ್ ಕೂಡ ಸವೆದಿದ್ದರೆ ಮೆಟಲ್ ಹಾಕಬಹುದು.

ಬ್ಯಾಟರಿ ಯಾವುದು ಒಳ್ಳೆಯದು?

ಚಿಕ್ಕ ಮಕ್ಕಳ ಮನೆಗೆ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯೇ ಸೈ. ಒಂದು ಸೆಲ್ಲಿಗೆ 1.2 ವೋಲ್ಟ್, ಆರು ಸೆಲ್ ಸೇರಿದರೆ 7.2. ಭಾರ ಜಾಸ್ತಿ, ಆದರೆ ಸ್ವಲ್ಪ ಅಸಡ್ಡೆ ಮಾಡಿದರೂ ತಡೆದುಕೊಳ್ಳುತ್ತದೆ.

ಲಿಪೋ ಹಗುರ, ಶಕ್ತಿ ಜಾಸ್ತಿ. ಒಂದು ಸೆಲ್ಲಿಗೆ 3.7 ವೋಲ್ಟ್. ಎರಡು ಸೆಲ್ಲಿನದ್ದು 2ಎಸ್, 7.4 ವೋಲ್ಟ್. ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಎಂಎಎಚ್ ಸಂಖ್ಯೆ ಜಾಸ್ತಿ ಆದರೆ ಹೆಚ್ಚು ಹೊತ್ತು ಓಡುತ್ತದೆ, ವೇಗ ಹೆಚ್ಚುವುದಿಲ್ಲ. ವೇಗ ಹೆಚ್ಚುವುದು ವೋಲ್ಟ್‌ನಿಂದ. ಇಎಸ್‌ಸಿ 2ಎಸ್‌ಗೆ ಮಾತ್ರ ಎಂದಿದ್ದರೆ 3ಎಸ್ ಹಾಕಲೇಬೇಡಿ. ಹೊಸ ಬ್ಯಾಟರಿಯ ಕನೆಕ್ಟರ್ ನಿಮ್ಮ ಕಾರಿನದ್ದಕ್ಕೆ ಹೊಂದುತ್ತದಾ ಎಂದೂ ನೋಡಿ. ಕನೆಕ್ಟರುಗಳಲ್ಲಿ ತಮಿಯಾ, ಟಿ ಪ್ಲಗ್, ಎಕ್ಸ್‌ಟಿ60 ಒಂದಕ್ಕೊಂದು ಕೂರುವುದಿಲ್ಲ.

ಲಿಪೋ ಬ್ಯಾಟರಿ ಬೆಂಕಿ ಹತ್ತುತ್ತದೆ ಅನ್ನುತ್ತಾರೆ. ನಿಜವಾ?

ನಿಜ. ಆದರೆ ಅದು ಸುಮ್ನೆ ಹತ್ತುವುದಿಲ್ಲ. ಜಾಸ್ತಿ ಚಾರ್ಜ್ ಆದಾಗ, ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಿದಾಗ, ಗುದ್ದಿ ಒಳಗೆ ಗಾಯ ಆಗಿದ್ದಾಗ, ತಂತಿ ತಂತಿ ಮುಟ್ಟಿದಾಗ ಅಪಾಯ. ಆದ್ದರಿಂದ ಇಷ್ಟನ್ನು ಮನೆಯ ಕಾನೂನು ಮಾಡಿಕೊಳ್ಳಿ.

ಚಾರ್ಜ್ ಮಾಡುವುದು ದೊಡ್ಡವರ ಕೆಲಸ, ಮಕ್ಕಳದ್ದಲ್ಲ. ಹಾಸಿಗೆ, ಸೋಫಾ ಮೇಲೆ ಬೇಡ. ಸಿಮೆಂಟ್ ನೆಲ ಅಥವಾ ಕಡಪ ಕಲ್ಲಿನ ಮೇಲೆ ಇಟ್ಟು ಮಾಡಿ. ಚಾರ್ಜಿಗೆ ಹಾಕಿ ಪೇಟೆಗೆ ಹೋಗಬೇಡಿ, ಮಲಗಬೇಡಿ. ಲಿಪೋ ಚಾರ್ಜರ್ ಮಾತ್ರ ಬಳಸಿ. ಒಂದು ಸೆಲ್ 4.2 ವೋಲ್ಟ್ ಮೀರಬಾರದು. ಚಾರ್ಜ್ ಮಾಡುವ ವೇಗ ‘1ಸಿ’ ಇರಲಿ, ಅಂದರೆ 1500 ಎಂಎಎಚ್ ಬ್ಯಾಟರಿಗೆ 1.5 ಆಂಪಿಯರ್. ಓಡಿಸಿ ತಂದ ಬ್ಯಾಟರಿ ಬಿಸಿ ಇರುವಾಗ ಚಾರ್ಜಿಗೆ ಹಾಕಬೇಡಿ, ಆರಲಿ.

ಓಡಿಸುವಾಗ ಸೆಲ್ 3 ವೋಲ್ಟಿಗಿಂತ ಕೆಳಗೆ ಹೋಗಬಾರದು. ಇಎಸ್‌ಸಿಯಲ್ಲಿ ಬ್ಯಾಟರಿ ಜಾತಿ ಆರಿಸುವ ಸಣ್ಣ ಜಂಪರ್ ಇದ್ದರೆ ಅದು ಲಿಪೋ ಕಡೆಗೇ ಇದೆಯಾ ನೋಡಿ. ನಿಕಲ್ ಕಡೆ ಇದ್ದರೆ ಕಾರು ಸರಿಯಾದ ಹೊತ್ತಿಗೆ ನಿಲ್ಲುವುದಿಲ್ಲ, ಬ್ಯಾಟರಿ ಸಾಯುತ್ತದೆ. ಲಿಪೋದ ಸಣ್ಣ ಬ್ಯಾಲೆನ್ಸ್ ವಯರಿಗೆ ಸಿಕ್ಕಿಸುವ ಅಲಾರಂ ಕಡಿಮೆ ಬೆಲೆಗೆ ಸಿಗುತ್ತದೆ. ಅದು ಕೀ ಎಂದು ಕೂಗಿದ ಕೂಡಲೇ ಆಟ ಮುಗಿಸಿ. ಬ್ಯಾಟರಿ ಉಬ್ಬಿದ್ದರೆ ಅದರ ಕಥೆ ಮುಗಿಯಿತು. ಚುಚ್ಚಿ ಗಾಳಿ ತೆಗೆಯುವ ಪ್ರಯತ್ನ ಯಾವತ್ತೂ ಮಾಡಬೇಡಿ.

ಕೆಂಪು ಮಣ್ಣಿನಲ್ಲಿ ಓಡಿಸಿದ ಮೇಲೆ ಹೇಗೆ ಕ್ಲೀನ್ ಮಾಡಬೇಕು?

ನಮ್ಮ ಕಡೆಯ ಕಾರುಗಳು ಹಾಳಾಗುವುದೇ ಇಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಬ್ಯಾಟರಿ ತೆಗೆಯಿರಿ. ಹಸಿ ಮಣ್ಣಿದ್ದರೆ ಉಜ್ಜಬೇಡಿ, ನಲ್ಲಿ ಕೆಳಗೆ ಹಿಡಿಯಬೇಡಿ. ಒಣಗಲು ಬಿಡಿ. ಒಣಗಿದ ಮಣ್ಣು ಒಂದು ಇಂಚಿನ ಪೇಂಟ್ ಬ್ರಷ್ಷಿಗೆ ಪುಡಿಪುಡಿಯಾಗಿ ಉದುರುತ್ತದೆ. ಸಂದಿಗೊಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಆಮೇಲೆ ನಾಲ್ಕೂ ಚಕ್ರ ಬಿಚ್ಚಿ. ಇದನ್ನೇ ಹೆಚ್ಚಿನವರು ಮಾಡುವುದಿಲ್ಲ. ನನ್ನ ಅಣ್ಣನ ಮಗಳು ಕಾಫಿ ಕಣದಲ್ಲಿ ಓಡಿಸಿ ತಂದ ಕಾರಿನ ಹಿಂದಿನ ಚಕ್ರ ಬಿಚ್ಚಿದಾಗ, ಆಕ್ಸಲ್ ಸುತ್ತ ಗೋಣಿ ಚೀಲದ ನಾರು ಬಿಗಿಯಾಗಿ ಸುತ್ತಿಕೊಂಡಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ನಾರಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಕೆಂಪು ಧೂಳು, ಎಲ್ಲ ಸೇರಿ ಗಟ್ಟಿ ಬಳೆಯಂತೆ ಕೂತಿತ್ತು. ಅವಳು ಸೂಜಿಯಿಂದ ಒಂದು ಎಳೆ ಎತ್ತಿ, ಚಿಮುಟದಿಂದ ಹಿಡಿದು, ಆಕ್ಸಲನ್ನು ಹಿಂದಕ್ಕೆ ತಿರುಗಿಸುತ್ತಾ ಬಿಡಿಸಿದಳು. ಉದ್ದದ ಎಳೆ ಒಂದೇ ಸಮನೆ ಬಂತು. ಅದರ ಕೆಳಗಿದ್ದ ಬೇರಿಂಗಿನ ಸೀಲ್ ಅಂಚು ಆಗಲೇ ಮೇಲೆದ್ದಿತ್ತು. ಇನ್ನೆರಡು ಸಲ ಹಾಗೇ ಓಡಿಸಿದ್ದರೆ ಒಳಗೆ ಮಣ್ಣು ಹೊಗುತ್ತಿತ್ತು.

ಮೋಟರಿನ ಗಾಳಿ ತೂತುಗಳ ಮಣ್ಣನ್ನು ಬ್ರಷ್ಷಿನಲ್ಲಿ ತೆಗೆಯಿರಿ, ಒಳಗೆ ತಳ್ಳಬೇಡಿ. ಸ್ಪರ್ ಗೇರಿನ ಪ್ರತಿ ಹಲ್ಲಿನ ಸಂದಿ ನೋಡಿ. ಒಂದೇ ಒಂದು ಹರಳು ಕಲ್ಲು ಕೂತಿದ್ದರೂ ಮುಂದಿನ ಓಟಕ್ಕೆ ಹಲ್ಲು ಹೋಗುತ್ತದೆ. ಕೊನೆಗೆ ಎಲ್ಲ ಸ್ಕ್ರೂ ಮೇಲೆ ಒಂದು ಸಲ ಕೈ ಆಡಿಸಿ. ಪೆಟ್ರೋಲ್, ಥಿನ್ನರ್ ಬೇಡವೇ ಬೇಡ. ಪ್ಲಾಸ್ಟಿಕ್ ಬಿರಿಯುತ್ತದೆ.

ಯಾವ ಎಣ್ಣೆ ಹಾಕಬೇಕು? ಮನೆಯಲ್ಲಿ ಕೊಬ್ಬರಿ ಎಣ್ಣೆ ಇದೆ.

ಕೊಬ್ಬರಿ ಎಣ್ಣೆ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗಿನಲ್ಲಿ ನಮ್ಮೂರಿನ ಬಾಟಲಿ ಎಣ್ಣೆ ಹೆಪ್ಪುಗಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಬೇರಿಂಗಿನಲ್ಲೂ ಹಾಗೇ ಆಗುತ್ತದೆ. ಕಾಲ ಕಳೆದಂತೆ ಅಂಟಂಟಾಗುತ್ತದೆ ಕೂಡ.

ಹೊಲಿಗೆ ಮಷೀನಿನ ಎಣ್ಣೆ ಒಳ್ಳೆಯದು. ಬೇರಿಂಗಿಗೆ ಒಂದು ಹನಿ, ಮೋಟರ್ ಶಾಫ್ಟಿನ ಎರಡೂ ತುದಿಗೆ ಅರ್ಧ ಹನಿ. ಡಬ್ಲ್ಯೂಡಿ-40 ತುಕ್ಕು ಬಿಡಿಸಲು, ನೀರು ಓಡಿಸಲು ಸರಿ. ಅದನ್ನೇ ಎಣ್ಣೆ ಎಂದುಕೊಂಡು ಬಿಡಬೇಡಿ, ಆಮೇಲೆ ಎಣ್ಣೆ ಹಾಕಬೇಕು. ಮುಚ್ಚಿದ ಗೇರ್ ಬಾಕ್ಸಿನೊಳಗೆ ತೆಳ್ಳಗೆ ಗ್ರೀಸ್ ಸವರಿ. ತೆರೆದಿರುವ ಪ್ಲಾಸ್ಟಿಕ್ ಸ್ಪರ್ ಗೇರಿಗೆ ಮಾತ್ರ ಗ್ರೀಸ್ ಹಚ್ಚಬೇಡಿ. ಧೂಳು ಹಿಡಿದು ಅದೇ ಹಲ್ಲನ್ನು ತಿನ್ನುತ್ತದೆ.

ಓಡುವಾಗ ಕರಕರ ಶಬ್ದ ಬರುತ್ತದೆ.

ಮೋಟರಿನ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡದು ಸ್ಪರ್. ಇವೆರಡರ ನಡುವಿನ ಅಂತರ ತಪ್ಪಿದರೆ ಶಬ್ದ ಬರುತ್ತದೆ. ಅದನ್ನು ಸರಿ ಮಾಡಲು ನೋಟ್ ಬುಕ್ಕಿನ ಹಾಳೆಯ ಒಂದು ಪಟ್ಟಿ ಸಾಕು. ಮೋಟರ್ ಸ್ಕ್ರೂ ಸಡಿಲ ಮಾಡಿ. ಎರಡು ಗೇರ್ ನಡುವೆ ಕಾಗದ ತೂರಿಸಿ, ಮೋಟರನ್ನು ಸ್ಪರ್ ಕಡೆ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ. ಗೇರ್ ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಕಾಗದದ ಮೇಲೆ ಹಲ್ಲಿನ ಮಡಿಕೆ ಬಿದ್ದಿರಬೇಕು, ಹರಿದಿರಬಾರದು. ಸ್ಪರ್ ಎಲ್ಲ ಕಡೆ ಒಂದೇ ಥರ ಅಲ್ಲಾಡುತ್ತದಾ ಎಂದು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ.

ಹೊಸ ಪಿನಿಯನ್ ಕೊಳ್ಳುವಾಗ ಹಲ್ಲಿನ ಅಳತೆ ಹೊಂದಬೇಕು. 48 ಪಿಚ್ ಸ್ಪರ್‌ಗೆ 48 ಪಿಚ್ ಪಿನಿಯನ್ನೇ ಬೇಕು. ಹಲ್ಲು ಜಾಸ್ತಿ ಇರುವ ಪಿನಿಯನ್ ಹಾಕಿದರೆ ವೇಗ ಹೆಚ್ಚುತ್ತದೆ, ಮೋಟರಿನ ಬಿಸಿಯೂ ಹೆಚ್ಚುತ್ತದೆ.

ಮೋಟರ್ ಎಷ್ಟು ಬಿಸಿ ಆಗಬಹುದು?

ಓಡಿಸಿದ ಕೂಡಲೇ ಮೋಟರಿನ ಮೇಲೆ ಬೆರಳಿನ ತುದಿ ಮುಟ್ಟಿಸಿ ನೋಡಿ. ಸ್ವಲ್ಪ ಹೊತ್ತು ಇಡಲು ಆದರೆ ಪರವಾಗಿಲ್ಲ. ತಟ್ಟನೆ ತೆಗೆಯುವ ಹಾಗಿದ್ದರೆ ಏನೋ ತಪ್ಪಿದೆ. ಗೇರ್ ಬಿಗಿ, ಬೇರಿಂಗ್ ಜಾಮ್, ಪಿನಿಯನ್ ದೊಡ್ಡದು ಅಥವಾ ಎತ್ತರದ ಹುಲ್ಲಿನಲ್ಲಿ ಓಡಿಸಿದ್ದು, ಇವುಗಳಲ್ಲಿ ಒಂದಿರುತ್ತದೆ. ಈ ಪರೀಕ್ಷೆ ದೊಡ್ಡವರು ಮಾಡಿ. ಕೊರೊನಾ ಕಾಲದಲ್ಲಿ ಕೊಂಡ ಹಣೆ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಜ್ವರದ ಅಳತೆ ದಾಟಿದರೆ ಅಂಕಿ ತೋರಿಸುವುದಿಲ್ಲ. ಒಂದು ಬ್ಯಾಟರಿ ಮುಗಿದ ಕೂಡಲೇ ಇನ್ನೊಂದು ಹಾಕಿ ಓಡಿಸಬೇಡಿ. ಹದಿನೈದಿಪ್ಪತ್ತು ನಿಮಿಷ ಬಿಡುವು ಕೊಡಿ.

ಕಾರು ಒಂದೇ ಕಡೆ ಎಳೆಯುತ್ತದೆ, ಅಥವಾ ಸ್ಟಿಯರಿಂಗ್ ತಿರುಗುವುದಿಲ್ಲ.

ಸ್ವಲ್ಪ ಎಳೆದರೆ ರಿಮೋಟಿನ ಸ್ಟಿಯರಿಂಗ್ ಟ್ರಿಮ್ ಗುಬ್ಬಿ ತಿರುಗಿಸಿ, ನೇರವಾಗುತ್ತದೆ. ಜಾಸ್ತಿ ಎಳೆದರೆ ಮುಂದಿನ ಚಕ್ರದ ರಾಡ್ ಬಾಗಿದೆ ಅಥವಾ ಕಳಚಿದೆ. ಸರ್ವೋ ಗುರ್ ಎನ್ನುತ್ತಾ ಚಕ್ರ ತಿರುಗದಿದ್ದರೆ ಒಳಗಿನ ಪ್ಲಾಸ್ಟಿಕ್ ಗೇರ್ ಹೋಗಿದೆ. ಮೆಟಲ್ ಗೇರ್ ಸರ್ವೋ ಹಾಕುವುದು ಒಳ್ಳೆಯ ಅಪ್‌ಗ್ರೇಡ್. ಕೊಳ್ಳುವ ಮೊದಲು ಹಳೆಯದರ ವಯರ್ ಎಣಿಸಿ. ಕೆಲವು ಕಾರುಗಳ ಸರ್ವೋಗೆ ಐದು ವಯರ್ ಇರುತ್ತವೆ, ಅದಕ್ಕೆ ಮಾಮೂಲಿ ಮೂರು ವಯರಿನದ್ದು ಹೊಂದುವುದಿಲ್ಲ. ಸರ್ವೋ ಸೇವರ್ ಎಂಬ ಸ್ಪ್ರಿಂಗಿನ ಭಾಗ ಮೆತ್ತಗಿದೆ ಎಂದು ತೆಗೆದುಹಾಕಬೇಡಿ. ಚಕ್ರಕ್ಕೆ ಬಿದ್ದ ಏಟು ಸರ್ವೋಗೆ ಹೋಗದಂತೆ ತಡೆಯುವುದೇ ಅದು.

ಶಾಕ್ ಅಬ್ಸಾರ್ಬರ್ ಬದಲಿಸಬೇಕಾ?

ಬರೀ ಸ್ಪ್ರಿಂಗ್ ಇದ್ದರೆ ಕಾರು ಪುಟಿಯುತ್ತದೆ. ಸಿಲಿಕಾನ್ ಆಯಿಲ್ ತುಂಬಿದ ಶಾಕ್ ಹಾಕಿದರೆ ನೆಲ ಹಿಡಿಯುತ್ತದೆ. ಬೇರಿಂಗ್ ಆದ ಮೇಲೆ ನನ್ನ ಎರಡನೆಯ ಆಯ್ಕೆ ಇದೇ. ಆಯಿಲ್ ಸೋರಿದ್ದರೆ ತುಂಬಿಸಿ, ಗುಳ್ಳೆ ಹೋಗುವ ತನಕ ರಾಡನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಆಮೇಲೆ ಮುಚ್ಚಿ.

ಇದ್ದಕ್ಕಿದ್ದಂತೆ ಕಾರು ಓಡುವುದೇ ಇಲ್ಲ. ಎಲ್ಲಿಂದ ಹುಡುಕಬೇಕು?

ರಿಮೋಟಿನ ಸೆಲ್‌ನಿಂದ. ಸೆಲ್ ಕೂರುವ ಜಾಗದಲ್ಲಿ ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಿಂಬೆ ರಸದಲ್ಲಿ ಅದ್ದಿ ಒರೆಸಿ, ಒಣಗಿಸಿ. ಮೊದಲು ರಿಮೋಟ್ ಆನ್ ಮಾಡಿ, ಆಮೇಲೆ ಕಾರು. ಆಫ್ ಮಾಡುವಾಗ ಮೊದಲು ಕಾರು, ಆಮೇಲೆ ರಿಮೋಟ್. ಈ ಕ್ರಮ ತಪ್ಪಿದರೆ ಕಾರು ತಾನಾಗಿ ಓಡಬಹುದು.

ಸ್ಟಿಯರಿಂಗ್ ಆಡುತ್ತದೆ, ಮೋಟರ್ ಇಲ್ಲ ಎಂದರೆ ಮೋಟರಿನ ವಯರ್ ಬಿಟ್ಟಿದೆಯಾ ನೋಡಿ. ಮೋಟರ್ ತಿರುಗುತ್ತದೆ, ಚಕ್ರ ಇಲ್ಲ ಎಂದರೆ ಪಿನಿಯನ್‌ನ ಸಣ್ಣ ಸ್ಕ್ರೂ ಸಡಿಲಾಗಿದೆ ಅಥವಾ ಸ್ಪರ್ ಹಲ್ಲು ಹೋಗಿದೆ. ಪಿನಿಯನ್ ಸ್ಕ್ರೂಗೆ ಸಡಿಲಾಗದಂತೆ ಹಿಡಿಯುವ ನೀಲಿ ಥ್ರೆಡ್ ಲಾಕ್ ಅಂಟು ಒಂದು ಹನಿ ಹಾಕಿ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂಗೆ ಅದನ್ನು ಹಾಕಬಾರದು.

ವಯರ್ ಬೆಸುಗೆ ಯಾರ ಹತ್ತಿರ ಮಾಡಿಸಲಿ?

ಸಣ್ಣ ವಯರಾದರೆ ಮೊಬೈಲ್ ರಿಪೇರಿಯವರು ಮಾಡಿಕೊಡುತ್ತಾರೆ. ಬ್ಯಾಟರಿಯ ದಪ್ಪ ವಯರಿಗೆ ಅವರ ತೆಳು ಐರನ್ನಿನ ಬಿಸಿ ಸಾಲುವುದಿಲ್ಲ. ಫ್ಯಾನ್, ಪಂಪ್ ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ಹೋಗಿ. ಬ್ಯಾಟರಿಯ ಎರಡು ವಯರನ್ನು ಒಟ್ಟಿಗೆ ಕತ್ತರಿಸಬೇಡಿ ಎಂದು ಮೊದಲೇ ಹೇಳಿ. ಒಂದು ಮುಗಿಸಿ ಟೇಪ್ ಸುತ್ತಿದ ಮೇಲೆ ಇನ್ನೊಂದು.

ಬಾಡಿ ಒಡೆದಿದೆ.

ಒಳಗಿನಿಂದ ಜಿಪ್ಸಂ ಬೋರ್ಡಿನ ಸಂದಿಗೆ ಹಾಕುವ ಬಲೆ ಟೇಪ್ ಅಂಟಿಸಿ, ಅದರ ಮೇಲೆ ಬಾಗುವಂಥ ಶೂ ಅಂಟು ಸವರಿ. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ, ಕೆಲವು ಅಂಟು ಬಾಡಿಯ ಪಾಲಿಕಾರ್ಬನೇಟ್ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಬಿರುಕಿನ ಕೊನೆಯಲ್ಲಿ ಸಣ್ಣ ದುಂಡು ತೂತು ಕೊರೆದರೆ ಅದು ಮುಂದೆ ಹೋಗುವುದಿಲ್ಲ.

ಎಲ್ಲಿ ಓಡಿಸುವುದು?

ರಸ್ತೆಯಲ್ಲಿ ಬೇಡ, ಮನೆ ಮುಂದಿನ ಸಣ್ಣ ರಸ್ತೆಯೂ ಬೇಡ. ಬೈಕ್ ಸವಾರರಿಗೆ ಇಷ್ಟು ತಗ್ಗಿನ ಕಾರು ಕಾಣುವುದೇ ಇಲ್ಲ. ಶಾಲೆ ಮೈದಾನದಲ್ಲಿ ಭಾನುವಾರ ಬೆಳಗ್ಗೆ, ಕ್ರಿಕೆಟ್ ಹುಡುಗರು ಬರುವ ಮೊದಲು ಒಳ್ಳೆಯ ಹೊತ್ತು.

ತೋಟದ ಕಡೆಯವರಿಗೆ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೊಯ್ಲಿನ ಕಾಲದಲ್ಲಿ ಕಣದ ತುಂಬ ಕಾಫಿ ಹರವಿರುತ್ತದೆ, ಆಗ ಅತ್ತ ಹೋಗಬಾರದು. ಅರೇಬಿಕಾ, ರೋಬಸ್ಟಾ ಎರಡೂ ಒಣಗಿ ಮೂಟೆ ಕಟ್ಟಿ ಏಪ್ರಿಲ್ ಹೊತ್ತಿಗೆ ಕಣ ಖಾಲಿಯಾಗುತ್ತದೆ. ಶಾಲೆಗೂ ಆಗಲೇ ರಜೆ. ಕಣದ ಮನೆಯವರನ್ನು ಕೇಳಿ ಓಡಿಸಿ. ಅದು ಕಾಫಿ ಒಣಗಿಸುವ ಜಾಗ, ಅಲ್ಲಿ ಎಣ್ಣೆ, ಗ್ರೀಸ್ ಚೆಲ್ಲಬೇಡಿ. ಕಾರು ಬಿಚ್ಚುವ ಕೆಲಸ ಜಗಲಿ ಮೇಲೆ ಮಾಡಿ.

ಇಬ್ಬರು ಮಕ್ಕಳು ಒಟ್ಟಿಗೆ ಓಡಿಸಿದರೆ ರಿಮೋಟ್ ಗೊಂದಲ ಆಗುತ್ತದಾ?

2.4 ಗಿಗಾಹರ್ಟ್ಸ್ ರಿಮೋಟ್ ಆದರೆ ಇಲ್ಲ. ಹಳೆಯ 27 ಮೆಗಾಹರ್ಟ್ಸ್ ಕಾರುಗಳು ಎರಡೂ ಒಂದೇ ಚಾನೆಲ್ ಆಗಿದ್ದರೆ ಆಗುತ್ತದೆ.

‘ವಾಟರ್‌ಪ್ರೂಫ್’ ಎಂದು ಬರೆದಿದೆ. ಮಳೆಯಲ್ಲಿ ಓಡಿಸಬಹುದಾ?

ನೀರು ಸಿಡಿದರೆ ಬೋರ್ಡಿಗೆ ಏನೂ ಆಗುವುದಿಲ್ಲ ಎನ್ನುವಷ್ಟಕ್ಕೆ ಮಾತ್ರ ಆ ಮಾತು. ಬೇರಿಂಗ್, ಸ್ಕ್ರೂ, ಬ್ರಷ್ ಮೋಟರ್ ವಾಟರ್‌ಪ್ರೂಫ್ ಅಲ್ಲ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ಒದ್ದೆ ನೆಲದಲ್ಲಿ ಓಡಿಸಿ, ಅಡ್ಡಿಯಿಲ್ಲ. ಜೂನ್, ಜುಲೈನ ಮಲೆನಾಡ ಮಳೆಯಲ್ಲಿ ಬೇಡ. ಒದ್ದೆ ಆದರೆ ಅಂದೇ ಚಕ್ರ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಒಣಗಿಸಿ, ಬೇರಿಂಗಿಗೆ ಎಣ್ಣೆ ಬಿಡಿ. ಒಲೆಯ ಹತ್ತಿರ ಇಡಬೇಡಿ.

ಮಳೆಗಾಲ ಪೂರ್ತಿ ಕಾರು ಎತ್ತಿಡುವುದು ಹೇಗೆ?

ನಮ್ಮಲ್ಲಿ ಗೋಡೆ, ಚಪ್ಪಲಿ, ಬೆಲ್ಟ್ ಎಲ್ಲದಕ್ಕೂ ಬೂಷ್ಟು ಹಿಡಿಯುವ ಕಾಲ ಅದು. ಹಾಸನ ಪೇಟೆಯಲ್ಲಿ ಇಷ್ಟು ತೊಂದರೆ ಇಲ್ಲ, ಸಕಲೇಶಪುರ ದಾಟಿದರೆ ಇದೆ. ಕಾರನ್ನು ಕ್ಲೀನ್ ಮಾಡಿ, ಸ್ಕ್ರೂ ತಲೆಗಳಿಗೆ ಎಣ್ಣೆಯ ಬಟ್ಟೆ ಆಡಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಚಕ್ರ ನೆಲಕ್ಕೆ ತಾಗದಂತೆ ಕೆಳಗೆ ಮರದ ತುಂಡು ಕೊಡಿ, ಇಲ್ಲದಿದ್ದರೆ ಟೈರ್ ಚಪ್ಪಟೆಯಾಗುತ್ತದೆ. ರಿಮೋಟಿನ ಸೆಲ್ ತೆಗೆಯಿರಿ.

ಲಿಪೋವನ್ನು ಪೂರ್ತಿ ಚಾರ್ಜ್ ಮಾಡಿಯೂ ಇಡಬಾರದು, ಖಾಲಿಯಾಗಿಯೂ ಇಡಬಾರದು. ಸೆಲ್ಲಿಗೆ 3.8 ವೋಲ್ಟ್ ಇರಲಿ. ಚಾರ್ಜರಿನಲ್ಲಿ ಸ್ಟೋರೇಜ್ ಎಂಬ ಆಯ್ಕೆ ಇದ್ದರೆ ಅದೇ ಮಾಡಿಕೊಡುತ್ತದೆ. ಕಾರಿನಿಂದ ಬೇರೆಯಾಗಿ, ಬಟ್ಟೆಬರೆಯಿಂದ ದೂರ ಇಡಿ.

ಮಗುವಿಗೆ ಎಷ್ಟು ಕೆಲಸ ಬಿಡಬಹುದು?

ಬ್ಯಾಟರಿ ಚಾರ್ಜ್, ಬೆಸುಗೆ, ಚೂರಿ ಕೆಲಸ ಬಿಟ್ಟು ಉಳಿದದ್ದೆಲ್ಲ. ಆರು ವರ್ಷದ ಮಗು ಬ್ರಷ್ ಹಿಡಿಯಬಲ್ಲದು. ಎಂಟಕ್ಕೆ ಚಕ್ರ ಬಿಚ್ಚಬಲ್ಲದು. ಹತ್ತಕ್ಕೆ ಗೇರ್ ನಡುವೆ ಕಾಗದ ಇಟ್ಟು ಅಂತರ ನೋಡಬಲ್ಲದು. 1.5, 2 ಮತ್ತು 2.5 ಮಿ.ಮೀ. ಅಲೆನ್ ಕೀ, ಒಂದು ಸ್ಟಾರ್ ಸ್ಕ್ರೂಡ್ರೈವರ್, ಸ್ಕ್ರೂ ಹಾಕಿಡಲು ಒಂದು ಸ್ಟೀಲ್ ತಟ್ಟೆ ಸಾಕು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಲು ಹೇಳಿ. ನೀವು ಪಕ್ಕದಲ್ಲಿ ಕೂತಿರಿ, ಕೈಗೆ ಕೈ ಹಾಕಬೇಡಿ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಲಿ. ಮೋಟರ್ ಪರೀಕ್ಷೆ ಮಾಡುವಾಗ ಕಾರು ಮರದ ತುಂಡಿನ ಮೇಲೆ, ಚಕ್ರ ಗಾಳಿಯಲ್ಲಿ ಇರಲಿ.

ಕಾರು ಪೂರ್ತಿ ಹಾಳಾಯಿತು. ಎಸೆಯಬಹುದಾ?

ಸ್ಕ್ರೂ, ಬೇರಿಂಗ್, ಚಕ್ರ, ಸರ್ವೋ ತೆಗೆದಿಟ್ಟುಕೊಳ್ಳಿ. ಪಕ್ಕದ ಮನೆಯ ಮಗುವಿನ ಕಾರಿಗೆ ಬೇಕಾಗುತ್ತದೆ. ಲಿಪೋ ಬ್ಯಾಟರಿಯನ್ನು ಮಾತ್ರ ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲಿ ಅದುಮಿದಾಗ ಹೊತ್ತಿಕೊಳ್ಳಬಹುದು. ಕನೆಕ್ಟರ್ ತುದಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ಅಥವಾ ಹಳೆಯ ಬ್ಯಾಟರಿ ತೆಗೆದುಕೊಳ್ಳುವವರ ಕೈಗೆ, ಇದು ಲಿಪೋ ಎಂದು ಬಾಯಿಬಿಟ್ಟು ಹೇಳಿ ಕೊಡಿ.